ಪಗಾರ ಸಮವಾದರೆ ಬಾಳು ಸಮವಾಗುವುದೇ?



ಈ ಲೇಖನವನ್ನು ನಮ್ಮದೇ ಒಂದು ತಪ್ಪಿನಿಂದ ಆರಂಭಿಸಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಾವು ಪಾಠ ಹೇಳುತ್ತಿದ್ದ ಏಳನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ದಿನವೂ ಮೊದಲನೆಯ ತಾಸಿನಲ್ಲಿ ತೂಕಡಿಸುತ್ತಿದ್ದಳು. ಅವಳ ಅಣ್ಣನು ಅದೇ ಶಾಲೆಯಲ್ಲಿ ಎಂಟನೆಯ ಇಯತ್ತೆಯಲ್ಲಿದ್ದನು. ಅವನು ಚುರುಕಾದ ಹುಡುಗ. ಕೇಳಿದ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವವನು. ಇಬ್ಬರೂ ಒಂದೇ ತಾಯಿತಂದೆಗಳ ಮಕ್ಕಳು; ಒಂದೇ ಖೋಲಿಯಲ್ಲಿ ವಾಸ; ಒಂದೇ ಒಲೆಯ ರೊಟ್ಟಿ. ಆದುದರಿಂದ ಅಣ್ಣನು ಜಾಣನೆಂದೂ ತಂಗಿಯು ಆಲಸಿಯೆಂದೂ ನಾವು ತೀರ್ಮಾನಿಸಿದೆವು. ಅವಳ ಪ್ರಗತಿ ಪುಸ್ತಕದಲ್ಲಿ ‘ಆಲಸ್ಯ ಹೆಚ್ಚು’ ಎಂದು ಕೆಂಪು ಮಸಿಯಿಂದ ಬರೆದೂಬಿಟ್ಟೆವು.

ಎರಡು ದಿನಗಳ ತರುವಾಯ ಅವಳ ತಾಯಿ ಆ ಪುಸ್ತಕವನ್ನು ಸೆರಗಿನಲ್ಲಿ ಕಟ್ಟಿಕೊಂಡು ಶಾಲೆಗೆ ಬಂದಳು. ಕೆಲಸದ ಒಂದು ದಿನದ ಕೂಲಿಯನ್ನು ಬಿಟ್ಟು ಬಂದಿದ್ದಳು. “ಗುರುಗಳ, ನಸುಕಿನ್ಯಾಗ ನಾಕಕ್ಕ ನಳ ಬರ್ತದರೀ. ನಾನು, ಅವರಪ್ಪ ಹೊತ್ತು ಹೊಂಡೂದ್ರಾಗ ಕೆಲಸಕ್ಕ ಹೋಗಬೇಕು. ನೀರು ಹಿಡಿಯೂದು, ಕೂಸಿನ್ನ ನೋಡೂದು, ರೊಟ್ಟಿ ಬಡಿಯೂದು ಎಲ್ಲಾ ಆಕೀನ ಮಾಡ್ತಾಳರೀ. ಆಕಿ ಆಲಸಿ ಅಲ್ಲರೀ” ಎಂದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ನಮ್ಮಲ್ಲಿ ಉತ್ತರವಿರಲಿಲ್ಲ.

ಒಂದೇ ಮನೆ, ಒಂದೇ ಗಳಿಕೆ. ಆದರೂ ಅಣ್ಣನು ಆರು ಗಂಟೆಯವರೆಗೆ ಮಲಗಿ ಏಳುವನು, ತಂಗಿಯು ನಾಲ್ಕಕ್ಕೇ ಕೊಡ ಹಿಡಿದು ನಿಲ್ಲುವಳು. ಹಾಗಾದರೆ ಆ ಇಬ್ಬರ ಬಾಳು ಸಮವೆಂದು ಹೇಳಬಹುದೇ? ಈ ಪ್ರಶ್ನೆಯನ್ನು ನಾವು ಅಂದಿನಿಂದ ಬಿಟ್ಟಿಲ್ಲ. ನಿಮ್ಮ ಮುಂದೆ ಇಂದು ಅದನ್ನೇ ಇಡುತ್ತೇವೆ.

ಎರಡು ಮನೆಗಳ ಲೆಕ್ಕ

ಮೊದಲು ಒಂದು ಗಣಿತವನ್ನು ಬಿಡಿಸೋಣ. ಯೆರವಡಾದ ಒಂದೇ ಗಲ್ಲಿಯಲ್ಲಿ ಇಬ್ಬರು ಗೌಂಡಿಗಳು ಇದ್ದಾರೆಂದು ತಿಳಿಯಿರಿ. ಇಬ್ಬರಿಗೂ ದಿನಕ್ಕೆ 810 ರೂಪಾಯಿ ಕೂಲಿ. ತಿಂಗಳಿಗೆ 26 ದಿನ ಕೆಲಸ. ಆಗ ಇಬ್ಬರ ಗಳಿಕೆಯೂ ತಿಂಗಳಿಗೆ 21,060 ರೂಪಾಯಿ. ಕಾಗದದ ಮೇಲೆ ಇಬ್ಬರೂ ಸಮಾನರು.

ಮೊದಲನೆಯವನ ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಎರಡನೆಯವನ ಮನೆಯಲ್ಲಿ ಗಂಡ, ಹೆಂಡತಿ, ಮುದುಕಿ ತಾಯಿ, ಮೂವರು ಮಕ್ಕಳು. ತಲೆಗೆ ಇಷ್ಟೆಂದು ಭಾಗಿಸಿದರೆ ಮೊದಲನೆಯ ಮನೆಯಲ್ಲಿ ಒಬ್ಬರ ಪಾಲಿಗೆ 5,265 ರೂಪಾಯಿ, ಎರಡನೆಯ ಮನೆಯಲ್ಲಿ 3,510 ರೂಪಾಯಿ ಬರುವುದು.

ಆದರೆ ತಲೆ ಎಣಿಸುವ ಈ ಕ್ರಮವೂ ಪೂರ್ತಿ ಸರಿಯಲ್ಲ. ನಾಲ್ವರಿಗೆ ನಾಲ್ಕು ಒಲೆ, ನಾಲ್ಕು ದೀಪ ಬೇಕಾಗುವುದಿಲ್ಲ. ಮಗುವಿನ ಖರ್ಚು ದೊಡ್ಡವರ ಖರ್ಚಿನಷ್ಟಿರುವುದೂ ಇಲ್ಲ. ಆದುದರಿಂದ ಅರ್ಥಶಾಸ್ತ್ರಜ್ಞರು ಒಂದು ಅಳತೆಗೋಲನ್ನು ಮಾಡಿಕೊಂಡಿದ್ದಾರೆ. ಮನೆಯ ಮೊದಲನೆಯ ದೊಡ್ಡ ವ್ಯಕ್ತಿಗೆ 1, ಉಳಿದ ಪ್ರತಿಯೊಬ್ಬ ದೊಡ್ಡವರಿಗೆ 0.7, ಪ್ರತಿಯೊಂದು ಮಗುವಿಗೆ 0.5 ಎಂದು ಎಣಿಸುವರು. ಈ ಪ್ರಕಾರ ಮೊದಲನೆಯ ಮನೆಯ ಮೊತ್ತ 2.7, ಎರಡನೆಯ ಮನೆಯದು 3.9. ಗಳಿಕೆಯನ್ನು ಇವುಗಳಿಂದ ಭಾಗಿಸಿದರೆ 7,800 ಮತ್ತು 5,400 ಎಂಬ ಅಂಕಿಗಳು ದೊರೆಯುವುವು. ಹೀಗೆ ಕೂಲಿ ಒಂದೇ ಆಗಿದ್ದರೂ ಬಾಳುವೆಯ ಮಟ್ಟ ಬೇರೆಯಾಯಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಎರಡನೆಯ ಮನೆಯ ಮೂರು ಮಕ್ಕಳಲ್ಲಿ ಒಂದು ಮಗುವಿಗೆ ಕಾಲು ನಡೆಯದು ಎಂದುಕೊಳ್ಳಿರಿ. ಅದಕ್ಕೆ ದವಾಖಾನೆಯ ಖರ್ಚು, ರಿಕ್ಷಾದ ಖರ್ಚು ಬೇರೆ. ತಾಯಿಯೋ ಅಜ್ಜಿಯೋ ಅದರೊಡನೆ ಮನೆಯಲ್ಲಿ ಉಳಿಯಬೇಕಾಗುವುದು. ನಮ್ಮ ಅಳತೆಗೋಲು ಇದನ್ನು ಕಾಣಲಾರದು. ಅದರ ಕಣ್ಣಿಗೆ ಆ ಮಗುವೂ 0.5, ಓಡಾಡುವ ಮಗುವೂ 0.5.

ಯಾವುದರ ಸಮತೆ?

ಈ ವಿಷಯವನ್ನು ಆಳವಾಗಿ ವಿಚಾರಿಸಿದವರಲ್ಲಿ ಅಮರ್ತ್ಯ ಸೇನರು ಮುಖ್ಯರು. ಅವರು 1933ರಲ್ಲಿ ಬಂಗಾಲದ ಶಾಂತಿನಿಕೇತನದಲ್ಲಿ ಜನಿಸಿದರು. 1998ರಲ್ಲಿ ಅರ್ಥಶಾಸ್ತ್ರಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದರು. 1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಮಾಡಿದ ಒಂದು ಭಾಷಣದ ಹೆಸರೇ ‘ಯಾವುದರ ಸಮತೆ?’ ಎಂದು. ಸಮತೆ ಬೇಕೆಂದು ಎಲ್ಲರೂ ಹೇಳುವರು. ಆದರೆ ಏನನ್ನು ಸಮಮಾಡಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕಲ್ಲವೇ?

ಹಣವು ಬಾಳಿನ ಸಾಧನ ಮಾತ್ರ. ಆ ಸಾಧನದಿಂದ ಮನುಷ್ಯನು ಏನಾಗಬಲ್ಲನು, ಏನು ಮಾಡಬಲ್ಲನು ಎಂಬುದೇ ಮುಖ್ಯವಾದುದು. ಹೊಟ್ಟೆತುಂಬ ಉಣ್ಣಬಲ್ಲನೇ? ರೋಗವಿಲ್ಲದೆ ಇರಬಲ್ಲನೇ? ಓದಬಲ್ಲನೇ? ನಾಲ್ಕು ಜನರ ನಡುವೆ ತಲೆ ತಗ್ಗಿಸದೆ ನಿಲ್ಲಬಲ್ಲನೇ? ಇದನ್ನು ಸೇನರು ‘ಸಾಮರ್ಥ್ಯ’ ಎಂದು ಕರೆಯುವರು. ಇಬ್ಬರು ಹುಡುಗರಿಗೆ ಒಂದೊಂದು ಸೈಕಲ್ ಕೊಟ್ಟೆವೆಂದರೆ ಸಮಾನವಾಗಿ ಹಂಚಿದಂತೆ ಕಾಣುವುದು. ಆದರೆ ಒಬ್ಬನ ಕಾಲು ಸೋತಿದ್ದರೆ ಅವನ ಪಾಲಿಗೆ ಆ ಸೈಕಲ್ಲು ಗೋಡೆಗೆ ಒರಗಿಸಿಟ್ಟ ಕಬ್ಬಿಣ ಮಾತ್ರ.

ನಮ್ಮ ಯೆರವಡಾಕ್ಕೆ ಸಮತೆಯ ಪ್ರಶ್ನೆ ಹೊಸದಲ್ಲ. ಇಲ್ಲಿಯ ಸೆರೆಮನೆಯಲ್ಲಿ ಮಹಾತ್ಮಾ ಗಾಂಧಿಯವರು ಉಪವಾಸ ಕೈಕೊಂಡಿದ್ದಾಗ, 1932ನೆಯ ಸಪ್ಟೆಂಬರ 24ರಂದು ಪುಣೆಯ ಒಪ್ಪಂದವಾಯಿತು. ಡಾ. ಅಂಬೇಡಕರರು ಅದಕ್ಕೆ ಸಹಿ ಹಾಕಿದವರಲ್ಲಿ ಪ್ರಮುಖರು. ಅಂದಿನ ಚರ್ಚೆ ವಿಧಾನಸಭೆಗಳಲ್ಲಿ ದಲಿತರಿಗೆ ದೊರೆಯಬೇಕಾದ ಸ್ಥಾನಗಳನ್ನು ಕುರಿತದ್ದು. ಇಂದು ನಾವು ಕೇಳುವ ಪ್ರಶ್ನೆ ಮನೆಯ ಒಲೆಯ ಮುಂದೆ ಒಬ್ಬೊಬ್ಬರಿಗೆ ದೊರೆಯುವ ಸ್ಥಾನವನ್ನು ಕುರಿತದ್ದು.

ಐದು ಕಾರಣಗಳು

ಸಮಾನ ಗಳಿಕೆಯಿದ್ದರೂ ಬಾಳು ಅಸಮವಾಗಲು ಸೇನರು ಐದು ಕಾರಣಗಳನ್ನು ಎಣಿಸಿರುವರು. ಉದಾಹರಣೆಗಳನ್ನು ನಾವು ನಮ್ಮ ಸುತ್ತಮುತ್ತಲಿಂದಲೇ ಆರಿಸಿಕೊಳ್ಳೋಣ.

ಮೊದಲನೆಯದು, ವ್ಯಕ್ತಿ ವ್ಯಕ್ತಿಗಳಲ್ಲಿರುವ ಭೇದ. ವಯಸ್ಸು, ಲಿಂಗ, ಆರೋಗ್ಯ, ಅಂಗವೈಕಲ್ಯ, ಮಾಡುವ ಕೆಲಸ ಇವುಗಳಿಂದ ದೇಹದ ಅವಶ್ಯಕತೆ ಬದಲಾಗುವುದು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು 2020ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ಕುಳಿತು ಕೆಲಸಮಾಡುವ ಗಂಡಸಿಗೆ ದಿನಕ್ಕೆ ಸುಮಾರು 2,110 ಕಿಲೋಕ್ಯಾಲೊರಿಗಳಷ್ಟು ಆಹಾರ ಸಾಕು. ಭಾರವಾದ ಕೆಲಸ ಮಾಡುವ ಹೆಂಗಸಿಗೆ 2,720 ಬೇಕು. ಎಂದರೆ ಕಟ್ಟಡದ ಮೇಲೆ ಇಟ್ಟಿಗೆ ಹೊರುವ ತಾಯಿಗೆ ಕುರ್ಚಿಯ ಮೇಲೆ ಕುಳಿತ ಗಂಡಸಿಗಿಂತ ಹೆಚ್ಚು ಊಟ ಬೇಕು. ಅವಳು ಬಸುರಿಯಾಗಿದ್ದರೆ ಇನ್ನೂ 350, ಕೂಸಿಗೆ ಹಾಲೂಡುವ ಮೊದಲ ಆರು ತಿಂಗಳಲ್ಲಿ ಇನ್ನೂ 600 ಕೂಡಿಸಬೇಕು. ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಆದರೆ ಹೆಂಗಸಿಗೆ 29 ಮಿಲಿಗ್ರಾಂ. ‘ಹೆಣ್ಣಿಗೆ ಕಡಿಮೆ ಊಟ ಸಾಕು’ ಎಂಬ ಮಾತನ್ನು ಯಾರಾದರೂ ಆಡಿದರೆ ಈ ಅಂಕಿಗಳನ್ನು ನೆನೆಯಿರಿ.

ಎರಡನೆಯದು, ಸುತ್ತಲಿನ ನಿಸರ್ಗದ ಭೇದ. ಚೈತ್ರ ವೈಶಾಖದ ಬಿಸಿಲಿನಲ್ಲಿ ತಗಡಿನ ಮಾಡಿನ ಖೋಲಿಯೂ ಕಾಂಕ್ರೀಟಿನ ಮನೆಯೂ ಒಂದೇ ಊರಿನವಾದರೂ ಒಂದೇ ಹವೆಯವಲ್ಲ. ಖಡಕವಾಸಲಾ ಆಣೆಕಟ್ಟಿನಿಂದ ನೀರು ಬಿಟ್ಟಾಗ ಮುಠಾ ನದಿಯು ಉಬ್ಬಿ, ಸಂಗಮದಲ್ಲಿ ಮುಳಾ ನದಿಯನ್ನು ಕೂಡಿಕೊಂಡು ನಮ್ಮ ಭಾಗಕ್ಕೆ ಬರುವುದು. ದಂಡೆಯ ತಗ್ಗಿನಲ್ಲಿದ್ದವರು ಆಗ ಕೂಲಿಯನ್ನು ಬಿಟ್ಟು ಹಾಸಿಗೆ ಪಾತ್ರೆಗಳನ್ನು ಹೊರಬೇಕಾಗುವುದು. ಪಾನಶೇತ ಆಣೆಕಟ್ಟು ಒಡೆದ 1961ನೆಯ ಜುಲೈ 12ನ್ನು ಪುಣೆಯ ಹಳಬರು ಇಂದಿಗೂ ಮರೆತಿಲ್ಲ.

ಮೂರನೆಯದು, ಸಮಾಜದ ವ್ಯವಸ್ಥೆ. ಹತ್ತಿರದಲ್ಲಿ ಒಳ್ಳೆಯ ಶಾಲೆ, ದವಾಖಾನೆ, ಶುದ್ಧ ನೀರು, ನಿರ್ಭಯವಾದ ರಸ್ತೆ ಇದ್ದರೆ ಕಡಿಮೆ ಗಳಿಕೆಯೂ ಹೆಚ್ಚಿನ ಫಲವನ್ನು ಕೊಡುವುದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಚೆನ್ನಾಗಿ ಗೊತ್ತು. ಹಿಂದೆ ಕಲಬುರಗಿ ಯಾದಗಿರಿಗಳ ರೇಶನ್ ಚೀಟಿಯು ಪುಣೆಯ ಅಂಗಡಿಯಲ್ಲಿ ನಡೆಯುತ್ತಿರಲಿಲ್ಲ. 2019ರಲ್ಲಿ ಆರಂಭವಾದ ‘ಒಂದು ದೇಶ, ಒಂದು ರೇಶನ್ ಚೀಟಿ’ ಯೋಜನೆಯಿಂದ ಒಂದು ರಾಜ್ಯದ ಚೀಟಿಗೆ ಇನ್ನೊಂದು ರಾಜ್ಯದಲ್ಲಿಯೂ ಧಾನ್ಯ ಪಡೆಯುವ ಮಾರ್ಗವಾಯಿತು.

ನಾಲ್ಕನೆಯದು, ನಾಲ್ಕು ಜನರ ರೂಢಿ. ಸ್ಕಾಟ್‌ಲಂಡಿನ ಆಡಂ ಸ್ಮಿತ್ತನು 1776ರಲ್ಲಿ ಬರೆದ ಗ್ರಂಥದಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿದ್ದಾನೆ. ನಾರುಬಟ್ಟೆಯ ಅಂಗಿಯಿಲ್ಲದೆಯೂ ಮನುಷ್ಯನು ಬದುಕಬಲ್ಲನು. ಆದರೆ ಅವನ ಕಾಲದ ಕೂಲಿಯವನು ಅಂಥ ಅಂಗಿಯಿಲ್ಲದೆ ಜನರ ಮುಂದೆ ಬರಲು ನಾಚುತ್ತಿದ್ದನು. ನಮ್ಮ ಕಾಲದಲ್ಲಿ ಆ ಅಂಗಿಯ ಸ್ಥಾನಕ್ಕೆ ಮೊಬೈಲ್ ಬಂದಿದೆ. 2020ರಲ್ಲಿ ಕರೋನಾ ರೋಗದಿಂದ ಶಾಲೆಗಳು ಮುಚ್ಚಿದಾಗ ಪಾಠಗಳು ಮೊಬೈಲಿನಲ್ಲಿ ಬಂದವು. ಮೊಬೈಲ್ ಇಲ್ಲದ ಮನೆಗಳ ಮಕ್ಕಳು ಪಾಠದಿಂದಲೇ ಹೊರಗುಳಿದರು. ಒಂದೇ ಮೊಬೈಲ್ ಇದ್ದ ಮನೆಯಲ್ಲಿ ಅದು ಯಾರ ಕೈಗೆ ಹೋಯಿತು? ಈ ಪ್ರಶ್ನೆಯು ನಮ್ಮನ್ನು ಐದನೆಯ ಕಾರಣಕ್ಕೆ ಕರೆದೊಯ್ಯುವುದು.

ಬಾಗಿಲಿನ ಒಳಗೆ

ಐದನೆಯದು, ಮನೆಯೊಳಗಿನ ಹಂಚಿಕೆ. ಎಣಿಕೆ ಮಾಡುವ ಅಧಿಕಾರಿಗಳು ಬಾಗಿಲ ಬಳಿ ನಿಂತು ‘ಈ ಮನೆಯ ಗಳಿಕೆ ಎಷ್ಟು, ಖರ್ಚು ಎಷ್ಟು, ಜನ ಎಷ್ಟು?’ ಎಂದು ಬರೆದುಕೊಂಡು ಭಾಗಿಸುವರು. ಒಳಗಿನ ಎಲ್ಲರಿಗೂ ಸಮಪಾಲು ದೊರೆಯುವುದೆಂದು ಆ ಲೆಕ್ಕವು ಭಾವಿಸಿಕೊಳ್ಳುವುದು. ಒಳಗೆ ಯಾರು ಮೊದಲು ಉಣ್ಣುವರು, ಕೊನೆಯ ಪಂಕ್ತಿಯಲ್ಲಿ ತಳದ ಸಾರು ಯಾರಿಗೆ ಉಳಿಯುವುದು ಎಂಬುದು ಕಾಗದಕ್ಕೆ ಬಾರದು. ಲಾರೆನ್ಸ್ ಹಡ್ಡಾಡ್ ಮತ್ತು ರವಿ ಕಾನ್ಬೂರ್ ಎಂಬ ಅರ್ಥಶಾಸ್ತ್ರಜ್ಞರು ಫಿಲಿಪೀನ್ಸ್ ದೇಶದ ಮನೆಗಳಲ್ಲಿ ಒಬ್ಬೊಬ್ಬರು ಉಂಡ ಆಹಾರದ ಲೆಕ್ಕವನ್ನು ಪರೀಕ್ಷಿಸಿ, 1990ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಮನೆಯೊಳಗಿನ ಭೇದವನ್ನು ಕಡೆಗಣಿಸಿದರೆ ಅಸಮತೆಯ ಅಳತೆಯಲ್ಲಿ ನೂರಕ್ಕೆ 30ರಷ್ಟು ಅಥವಾ ಅದಕ್ಕೂ ಹೆಚ್ಚು ತಪ್ಪು ಬರಬಹುದೆಂದು ಅವರು ಕಂಡರು.

ನಮ್ಮ ದೇಶದ ಎರಡು ಎಣಿಕೆಗಳನ್ನು ನೋಡಿರಿ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದ್ದಿತು. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25 ಜನರಿಗೆ. ಇವರಲ್ಲಿ ಬಹು ಮಂದಿ ಅವೇ ಮನೆಗಳಲ್ಲಿ ವಾಸಿಸುವ ಗಂಡಹೆಂಡಿರು, ಅಣ್ಣತಂಗಿಯರು. ಈ ಅಂತರವೆಲ್ಲವೂ ಹಂಚಿಕೆಯ ದೋಷವೆಂದು ಹೇಳಲಾಗದು. ತಿಂಗಳ ಮುಟ್ಟಿನಿಂದಲೂ ಹೆರಿಗೆಯಿಂದಲೂ ಹೆಣ್ಣಿನ ದೇಹ ರಕ್ತವನ್ನು ಕಳೆದುಕೊಳ್ಳುವುದು. ಆದರೆ ಹೆಚ್ಚು ಬೇಕಾದವಳಿಗೆ ಹೆಚ್ಚು ಬಡಿಸಬೇಕಾಗಿದ್ದಿತು. ಹಾಗೆ ಬಡಿಸಿಲ್ಲವೆಂಬುದನ್ನು ಅಂಕಿಯೇ ಹೇಳುತ್ತದೆ. ವ್ಯಕ್ತಿಭೇದವೂ ಮನೆಯ ರೂಢಿಯೂ ಕೈಕೈ ಹಿಡಿದುಕೊಂಡಾಗ ಅಸಮತೆ ಇಮ್ಮಡಿಯಾಗುವುದು.

ಎರಡನೆಯದು ವೇಳೆಯ ಲೆಕ್ಕ. 2024ರಲ್ಲಿ ಭಾರತ ಸರಕಾರವು ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಪಗಾರವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷಗಳನ್ನೂ ಅಂಥ ಕೆಲಸ ಮಾಡಿದ ಗಂಡಸರು 88 ನಿಮಿಷಗಳನ್ನೂ ಕಳೆದರು. ಮನೆಗೆಲಸವನ್ನು ಮುಟ್ಟದ ಗಂಡಸರು ಈ ಸರಾಸರಿಯಲ್ಲಿ ಸೇರಿಯೇ ಇಲ್ಲ. ಅಂತರವು ದಿನಕ್ಕೆ 201 ನಿಮಿಷ. ಇದನ್ನು 365ರಿಂದ ಗುಣಿಸಿದರೆ 73,365 ನಿಮಿಷ, ಅಂದರೆ 1,222 ತಾಸುಗಳಿಗೂ ಹೆಚ್ಚು. ಐದು ತಾಸಿನ ಶಾಲೆಯ ದಿನಗಳನ್ನಾಗಿ ಮಾಡಿದರೆ 244 ದಿನಗಳು! ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಎಂಟನೆಯ ಇಯತ್ತೆಯವರೆಗೆ ವರ್ಷಕ್ಕೆ 220 ದಿನ ಶಾಲೆ ನಡೆಯಬೇಕೆಂದು ವಿಧಿಸಿದೆ. ಒಂದು ವರ್ಷದ ಶಾಲೆಗಿಂತಲೂ ಹೆಚ್ಚಿನ ವೇಳೆಯು ಕೊಡದಲ್ಲಿ, ಒಲೆಯಲ್ಲಿ, ಕಸಬರಿಗೆಯಲ್ಲಿ ಸಂದುಹೋಯಿತು.

ನಮ್ಮ ಅಕ್ಕ

ಅಂಕಿಗಳು ಮರೆತುಹೋಗಬಹುದು; ಆದುದರಿಂದ ನಮ್ಮ ಮನೆಯ ಮಾತನ್ನೇ ಹೇಳುತ್ತೇವೆ. ನಮ್ಮ ಹುಟ್ಟೂರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಒಂದು ಹಳ್ಳಿ. ಮಳೆಯನ್ನೇ ನಂಬಿದ ಎರಡು ಎಕರೆ ಹೊಲ. ಅಕ್ಕನೂ ನಾವೂ ಇಬ್ಬರೇ ಮಕ್ಕಳು. ಅಕ್ಕನು ಐದನೆಯ ಇಯತ್ತೆ ಮುಗಿಸಿದ ವರ್ಷ ಅವ್ವನು ಕೂಲಿಗೆ ಹೋಗತೊಡಗಿದಳು. ಅಕ್ಕನನ್ನು ಶಾಲೆಯಿಂದ ಬಿಡಿಸಿದರು. ಸಂಜೆ ನಾವು ಒಲೆಯ ಬೆಳಕಿಗೆ ಕುಳಿತು ಲೆಕ್ಕ ಬಿಡಿಸುತ್ತಿದ್ದರೆ ಅವಳು ರೊಟ್ಟಿ ಬಡಿಯುತ್ತಲೇ ಉತ್ತರವನ್ನು ನಮಗಿಂತ ಮೊದಲು ಹೇಳುತ್ತಿದ್ದಳು. ನಾವು ಕನ್ನಡ ಮಾಧ್ಯಮದಲ್ಲಿ ಎಸ್‌.ಎಸ್‌.ಎಲ್‌.ಸಿ. ಪಾಸಾದಾಗ ಊರವರು ನಮ್ಮ ಬುದ್ಧಿಯನ್ನು ಹೊಗಳಿದರು. ಅಕ್ಕನು ನೆರೆಯವರಿಗೆಲ್ಲ ಸಕ್ಕರೆ ಹಂಚಿದಳು. ಇಂದು ನಾವು ಪುಣೆಯಲ್ಲಿ ಪಾಠ ಹೇಳುತ್ತೇವೆ. ಅವಳು ಇಂಡಿಯ ಕಡೆಯ ಲಿಂಬೆ ತೋಟಗಳಲ್ಲಿ ಕೂಲಿ ಮಾಡುತ್ತಾಳೆ.

ನಮ್ಮ ತಂದೆಯವರು ಕಠಿನ ಹೃದಯದವರಾಗಿರಲಿಲ್ಲ. ಮಗಳ ಮೇಲೆ ಅವರಿಗೆ ಪ್ರೀತಿ ಕಡಿಮೆಯಿರಲಿಲ್ಲ. ಪ್ರೀತಿಯಿರುವ ಮನೆಯಲ್ಲಿಯೂ ಅಸಮತೆ ಇರಬಲ್ಲುದೆಂಬುದೇ ಇಲ್ಲಿಯ ಪಾಠ. ಅದು ಯಾರ ದುಷ್ಟತನದಿಂದಲೂ ಬಂದುದಲ್ಲ. ‘ಮೊದಲಿನಿಂದ ಹೀಗೆಯೇ ನಡೆದು ಬಂದಿದೆ’ ಎಂಬ ಮಾತಿನಿಂದ ಬಂದುದು. ಅಕ್ಕನೂ ಅದನ್ನು ಅನ್ಯಾಯವೆಂದು ಎಂದೂ ಹೇಳಲಿಲ್ಲ. ಹೇಳದಿರುವುದರಿಂದ ಅದು ನ್ಯಾಯವಾಗುವುದಿಲ್ಲ. ಕಡಿಮೆ ಪಾಲಿಗೆ ಹೊಂದಿಕೊಂಡವರು ಅದರಲ್ಲಿಯೇ ತೃಪ್ತರೆಂದು ಹೇಳಿಬಿಡುವರು. ಆದುದರಿಂದ ಬರಿಯ ತೃಪ್ತಿಯನ್ನು ಬಾಳಿನ ಅಳತೆಯನ್ನಾಗಿ ಮಾಡಬಾರದೆಂದು ಸೇನರೂ ಎಚ್ಚರಿಸಿರುವರು.

ಕಾಯಿದೆಯ ಕೈ ಎಲ್ಲಿಯವರೆಗೆ ಮುಟ್ಟುವುದು?

ಸರಕಾರವು ಮನೆಯೊಳಗೆ ಬಂದು ರೊಟ್ಟಿಯನ್ನು ಹಂಚಲಾರದು. ಆದರೂ ಕೊಡುವ ಕ್ರಮವನ್ನು ಬದಲಿಸಿದರೆ ಪಾಲು ಬದಲಾಗಬಲ್ಲುದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯನ್ನೇ ನೋಡಿರಿ. ಆದ್ಯತೆಯ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ. ಅತಿ ಬಡವರಾದ ಅಂತ್ಯೋದಯ ಕುಟುಂಬಗಳಿಗೆ ಮನೆಗೆ 35 ಕಿಲೋ. ಎರಡನೆಯ ಕ್ರಮದಲ್ಲಿ ಇಬ್ಬರಿರುವ ಮನೆಯಲ್ಲಿ ಒಬ್ಬರಿಗೆ 17.5 ಕಿಲೋ, ಏಳು ಜನರಿದ್ದರೆ 5 ಕಿಲೋ, ಹತ್ತು ಜನರಿದ್ದರೆ 3.5 ಕಿಲೋ ಬರುವುದು. ‘ಮನೆಗೆ ಇಷ್ಟು’ ಎನ್ನುವುದಕ್ಕೂ ‘ಮನುಷ್ಯನಿಗೆ ಇಷ್ಟು’ ಎನ್ನುವುದಕ್ಕೂ ಎಷ್ಟು ಅಂತರವಿದೆಯೆಂಬುದು ಇದರಿಂದ ತಿಳಿಯುವುದು. ಇದೇ ಕಾಯಿದೆಯು ರೇಶನ್ ಚೀಟಿಯಲ್ಲಿ ಹದಿನೆಂಟು ತುಂಬಿದ ಹೆಂಗಸರಲ್ಲಿ ಹಿರಿಯಳನ್ನೇ ಮನೆಯ ಮುಖ್ಯಸ್ಥೆಯೆಂದು ಬರೆಯಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ತಿಂಗಳಿಗೆ 2,000 ರೂಪಾಯಿಗಳನ್ನು ಮನೆಯ ಯಜಮಾನಿಯ ಹೆಸರಿಗೇ ಕೊಡಲು ಗೊತ್ತುಮಾಡಿತು. ಮಹಾರಾಷ್ಟ್ರದ ಲಾಡಕೀ ಬಹೀಣ ಯೋಜನೆಯು 2024ರಲ್ಲಿ 1,500 ರೂಪಾಯಿಗಳೊಡನೆ ಆರಂಭವಾಯಿತು.

ಶಾಲೆಯ ಮಧ್ಯಾಹ್ನದ ಊಟದ ಗುಟ್ಟೂ ಇದೇ. ಸರ್ವೋಚ್ಚ ನ್ಯಾಯಾಲಯವು 2001ನೆಯ ನವಂಬರ 28ರಂದು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞಾಪಿಸಿತು. ಒಣ ಅಕ್ಕಿಯನ್ನು ಮನೆಗೆ ಕೊಟ್ಟರೆ ಅದು ಮನೆಯ ಗಡಿಗೆಯಲ್ಲಿ ಬಿದ್ದು ಮನೆಯ ರೂಢಿಯಂತೆ ಹಂಚಿಹೋಗುವುದು. ಬೇಯಿಸಿದ ಊಟವು ನೇರವಾಗಿ ಮಗುವಿನ ತಾಟಿಗೆ ಬೀಳುವುದು. ಅಲ್ಲಿ ಅಣ್ಣನಿಗೆ ಮೊದಲು, ತಂಗಿಗೆ ಆಮೇಲೆ ಎಂಬುದಿಲ್ಲ. ಪ್ರಾಥಮಿಕ ತರಗತಿಗಳಿಗೆ 450, ಮೇಲಿನ ಪ್ರಾಥಮಿಕಕ್ಕೆ 700 ಕಿಲೋಕ್ಯಾಲೊರಿಗಳ ಊಟವೆಂದು ನಿಯಮವಿದೆ. 1975ನೆಯ ಅಕ್ಟೋಬರ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಅಂಗನವಾಡಿಗಳ ಯೋಜನೆಯೂ ತಾಯಿಯನ್ನೂ ಕೂಸನ್ನೂ ಬೇರೆಬೇರೆಯಾಗಿ ಎಣಿಸಿತು. ಆ 33ರಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಒಂದೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರಕಾರಿ ನೌಕರಿಗಳಲ್ಲಿ ನೂರಕ್ಕೆ 4ರ ಮೀಸಲಾತಿಯನ್ನು ಇಟ್ಟಿತು.

ಇಷ್ಟಾದರೂ ನಸುಕಿನ ನಾಲ್ಕು ಗಂಟೆಗೆ ಕೊಡವನ್ನು ಯಾರು ಹಿಡಿಯಬೇಕೆಂದು ಯಾವ ಕಾಯಿದೆಯೂ ಹೇಳಲಾರದು. ಅದನ್ನು ಹೇಳಬೇಕಾದವರು ನೀವು.

ಉಪಸಂಹಾರ

ಆ ಹುಡುಗಿಯ ಕಥೆಯನ್ನು ಮುಗಿಸಬೇಕಷ್ಟೆ? ನಾವು ಪ್ರಗತಿ ಪುಸ್ತಕದಲ್ಲಿಯ ಕೆಂಪು ಮಾತನ್ನು ಹೊಡೆದುಹಾಕಿ ಕೆಳಗೆ ಸಹಿ ಮಾಡಿದೆವು. ಅವಳ ಅಣ್ಣನನ್ನು ಕರೆದು, ಬಯ್ಯದೆ, ಒಂದು ಕಾಗದ ಕೊಟ್ಟು, ತನ್ನ ದಿನವನ್ನೂ ತಂಗಿಯ ದಿನವನ್ನೂ ತಾಸು ತಾಸಾಗಿ ಬರೆದು ತಾ ಎಂದು ಹೇಳಿದೆವು. ಮರುದಿನ ಅವನು ತಲೆ ತಗ್ಗಿಸಿಕೊಂಡೇ ಕಾಗದವನ್ನು ಕೊಟ್ಟನು. ಮುಂದಿನ ವಾರದಿಂದ ಒಂದು ದಿನ ಬಿಟ್ಟು ಒಂದು ದಿನ ನೀರಿಗೆ ಅವನು ಏಳತೊಡಗಿದನು. ಗೆಳೆಯರು ನಕ್ಕರಂತೆ, ಕೆಲವು ದಿನ ನಾಚಿ ಬಿಟ್ಟನು, ಮತ್ತೆ ಹಿಡಿದನು. ತಂಗಿಯು ಆಮೇಲೆಯೂ ಆಗಾಗ ತೂಕಡಿಸಿದ್ದುಂಟು. ಆದರೆ ವರ್ಷಾಂತ್ಯದ ಗಣಿತದಲ್ಲಿ ಅವಳ ಅಂಕಗಳು ಅಣ್ಣನ ಅಂಕಗಳಿಗಿಂತ ಕಡಿಮೆಯಿರಲಿಲ್ಲ.

ಇದೇ ಪುಣೆಯಲ್ಲಿ 1848ರಲ್ಲಿ ಜ್ಯೋತಿರಾವ್ ಮತ್ತು ಸಾವಿತ್ರೀಬಾಯಿ ಫುಲೆ ದಂಪತಿಗಳು ಹೆಣ್ಣುಮಕ್ಕಳಿಗಾಗಿ ಶಾಲೆಯ ಬಾಗಿಲನ್ನು ತೆರೆದರು. ಆ ಬಾಗಿಲು ಇಂದು ಎಲ್ಲರಿಗೂ ತೆರೆದಿದೆ. ಆದರೆ ಶಾಲೆಗೆ ಬಂದ ಮಗುವು ಎಚ್ಚರವಾಗಿದ್ದು ಪಾಠ ಕೇಳಬೇಕಾದರೆ ಮನೆಯ ಬಾಗಿಲಿನ ಒಳಗೂ ಸ್ವಲ್ಪ ನ್ಯಾಯ ಬೇಕು.

ಅಭ್ಯಾಸಕ್ಕಾಗಿ

1. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು? ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರು? ಏಳು ದಿನ ಬರೆದಿಡಿರಿ.

2. ಮೇಲೆ ಹೇಳಿದ 1, 0.7, 0.5ರ ಅಳತೆಗೋಲಿನಿಂದ ನಿಮ್ಮ ಮನೆಯ ಮೊತ್ತವನ್ನು ಕಂಡುಹಿಡಿಯಿರಿ. ಆ ಅಳತೆಯು ನಿಮ್ಮ ಮನೆಯಲ್ಲಿ ಯಾರ ಅವಶ್ಯಕತೆಯನ್ನು ಕಾಣದೆ ಹೋಯಿತು?

3. ನಾಳೆಯಿಂದ ನೀವು ಯಾರ ಕೈಯೊಳಗಿನ ಒಂದು ಕೆಲಸವನ್ನು ನಿಮ್ಮ ಕೈಗೆ ತೆಗೆದುಕೊಳ್ಳಬಲ್ಲಿರಿ? ಈ ಪ್ರಶ್ನೆಯ ಉತ್ತರವನ್ನು ಬರೆಯುವುದು ಬೇಡ. ಮಾಡಿ ತೋರಿಸಿದರೆ ಸಾಕು.